ಅತ್ತೆಗೆ ಭಾನುವಾರದ ಫೋನು

ಮನೆಗೆ ಬಂದವರಿಗೆ ಬೇರೆಯವರು ಮದುವೆ ಆಲ್ಬಮ್ ತೋರಿಸಿದರೆ, ಕೋಲಾರದ ಅಮರನಾಥ ಲ್ಯಾಪ್‌ಟಾಪ್ ತೆರೆದು ತನ್ನ ದಿನಚರಿ ತೋರಿಸುತ್ತಿದ್ದ. ಚಿತ್ರವಿಲ್ಲ, ಚೆಂದವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರದ ಸಾಲುಗಳು: ವಾಕಿಂಗ್, ಬಿಸಿನೀರು, ಅತ್ತೆಗೆ ಫೋನು. ಮಾಡಿದ ದಿನಕ್ಕೆ ಹಸಿರು ಚೌಕ, ತಪ್ಪಿದ ದಿನಕ್ಕೆ ಕೆಂಪು. ಅತ್ತೆಯ ಸಾಲಿನಲ್ಲಿ ಪ್ರತಿ ಭಾನುವಾರವೂ ಹಸಿರೇ. ಒಂದು ಕೆಂಪಿಲ್ಲ ನೋಡಿ ಎಂದು ಮೀಸೆ ತಿರುವುತ್ತಿದ್ದ.

ಹೆಂಡತಿ ಚಂದನಳಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ತನ್ನ ಹೆತ್ತವಳನ್ನು ಬಿಸಿನೀರಿನ ಸಾಲಿನ ಕೆಳಗೆ ಬರೆಯುವುದೇ? ಆದರೂ ಬಾಯಿ ಮುಚ್ಚಿಕೊಂಡಿದ್ದಳು. ಮಾಸ್ತಿಯಲ್ಲಿದ್ದ ತಾಯಿ ವೆಂಕಟರತ್ನಮ್ಮ ನಮ್ಮ ಅಳಿಯ ಬಂಗಾರ, ವಾರ ತಪ್ಪದೆ ಫೋನ್ ಮಾಡ್ತಾರೆ ಎಂದು ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಊರಿಗೆಲ್ಲ ಸಾರುತ್ತಿದ್ದಳು. ಆ ಪ್ರೀತಿಯೊಂದು ನಿಜವಾಗಿದ್ದರೆ ಸಾಕು, ಉಳಿದ ಹುಚ್ಚು ಹಾಳಾಗಿ ಹೋಗಲಿ ಎಂದುಕೊಂಡಿದ್ದಳು ಚಂದನ.

ಆ ತಾಯಿ ತೀರಿಕೊಂಡಳು. ತಿಥಿ ಭಾನುವಾರ ಬಿತ್ತು. ಮಾಸ್ತಿಯ ಮನೆಯಂಗಳದಲ್ಲಿ ನೆಂಟರು ಎಲೆ ಮುಂದೆ ಕೂತಿದ್ದಾಗ, ಒಳಗೆ ಗೂಡಿನಲ್ಲಿಟ್ಟಿದ್ದ ತಾಯಿಯ ಫೋನು ಬಡಿದುಕೊಂಡಿತು. ಸುದ್ದಿ ತಿಳಿಯದವರು ಯಾರೋ ಪಾಪ ಎಂದು ಚಂದನ ಓಡಿಬಂದು ನೋಡಿದರೆ, ಪರದೆಯ ಮೇಲೆ ‘ಅಳಿಯಂದ್ರು’. ಅಷ್ಟರಲ್ಲಿ ಕಟ್ಟಾಯಿತು. ಪಕ್ಕದ ಕೋಣೆಯಲ್ಲಿ ಅಮರನಾಥ ತನ್ನ ಫೋನು ಕೆಳಗಿಟ್ಟು ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಿದ್ದ. ಅತ್ತೆಯ ಸಾಲಿನ ಕೊನೆಗೆ ಇನ್ನೊಂದು ಹಸಿರು ಚೌಕ ಬಂತು.

ಏನಿದು ಎಂದು ಕೇಳಿದಳು. ಅವನಿಗೆ ನಾಚಿಕೆಯೂ ಆಗಲಿಲ್ಲ.

“ಇಲ್ದಿದ್ರೆ ಕೆಂಪು ಬೀಳ್ತಿತ್ತು ಕಣೇ. ಮಾತೇ ಆಡ್ಬೇಕು ಅಂತೇನಿಲ್ಲ, ರಿಂಗಾದ್ರೆ ಸಾಕು. ಮೊದ್ಲಿಂದ್ಲೂ ಎಷ್ಟೋ ವಾರ ಹಂಗೇ ಮಾಡಿದೀನಿ.”

ಮೊದಲಿಂದಲೂ! ಎತ್ಕೊಳ್ಳೋಷ್ಟರಲ್ಲಿ ಕಟ್ಟಾಯ್ತು, ಪಾಪ ಅವರಿಗೇನು ಅವಸರವೋ ಎಂದು ಆ ಮುದುಕಿ ಭಾನುವಾರವಿಡೀ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳಂತೆ. ನೆರೆಮನೆಯ ಆಂಜಿನಮ್ಮ ಬೆಳಿಗ್ಗೆಯಷ್ಟೇ ಅತ್ತುಕೊಂಡು ಹೇಳಿದ್ದಳು. ಥೂ, ಇಂಥವನಿಗೆ ಇಷ್ಟು ವರ್ಷ ಬಡಿಸಿ ಹಾಕಿದೆನಲ್ಲ ಎಂದು ಚಂದನಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆ ಸಾಲು ಅಳಿಸಿ ಎಂದಳು. ಅಳಿಸಿದರೆ ಇಷ್ಟು ದಿನದ ಹಸಿರೆಲ್ಲ ಹೋಗುತ್ತದಲ್ಲ ಎಂದು ಅವನು ಗೊಣಗಿದ.

ಚಂದನ ವಾದಕ್ಕೆ ನಿಲ್ಲಲಿಲ್ಲ. ತಾಯಿಯ ಫೋನಿನಿಂದ ಅವನ ನಂಬರು ಒತ್ತಿದಳು. ಅವನ ಫೋನು ಬಡಿದುಕೊಂಡಿತು. ‘ಅತ್ತೆ’ ಎಂಬ ಹೆಸರು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು, ಕೈ ಮುಂದೆ ಹೋಗಲಿಲ್ಲ.

“ಎತ್ಕೊಳ್ರೀ,” ಎಂದಳು. “ನಮ್ಮಮ್ಮ ಎಷ್ಟು ವಾರ ಎತ್ಕೊಳ್ಳೋಕೆ ಓಡಿದ್ಲೋ. ನೀವು ಒಂದ್ಸಲ ಎತ್ಕೊಳ್ಳಿ.”