ಎರಡು ತಾಸು

"ಇದು ಬಸುರು ತೆಗಿಯೋ ಗುಳಿಗಿ ಅಲ್ರಿ. ನಿಲ್ಲದಂಗ ತಡೀತದ, ಅಷ್ಟ. ಮೂರು ದಿನದೊಳಗ ಕೊಡ್ರಿ. ಗಂಡನ ಹೆಸರು ಕೇಳ್ಕೋತ ಕೂಡಬ್ಯಾಡ್ರಿ."

ಆಳಂದದ ತರಬೇತಿಯಲ್ಲಿ ಡಾಕ್ಟರ್ ಗುಲನಾಜ ಹೀಗೆಂದಾಗ ಹಿಂದಿನ ಬೆಂಚಿನಲ್ಲಿದ್ದ ನರ್ಸ್ ಬಸವೇಶ್ವರಿ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. ಸೋಮವಾರ ಮುಂಜಾನೆ ಮಟಕಿ ಊರಿನ ಆರೋಗ್ಯ ಉಪಕೇಂದ್ರಕ್ಕೆ ಸೀಮಾ ಬಂದಿದ್ದಳು. ಹತ್ತೊಂಬತ್ತರ ಹುಡುಗಿ, ಮದುವೆಯಾಗಿಲ್ಲ. "ನಿನ್ನಿ ಸಂಜಿಕಡೆ ತಪ್ಪಾಗ್ಯದರಿ ಸಿಸ್ಟರ್. ಗುಳಿಗಿ ಕೊಡ್ರಿ. ಅಪ್ಪಗ ಗೊತ್ತಾದ್ರ ಕಡದು ಹಾಕ್ತಾನ್ರಿ."

"ರಿಜಿಸ್ಟರಿನ್ಯಾಗ ಗಂಡನ ಹೆಸರಿನ ಖಾನಿ ಅದ. ಏನಂತ ಬರೀಲಿ? ಹೊಟ್ಟಿ ತೆಗಿಯೋ ಪಾಪ ನನಗ ಬ್ಯಾಡವ್ವ" ಎಂದು ಹೊರಗಟ್ಟಿದ್ದಳು ಬಸವೇಶ್ವರಿ. ಹನ್ನೆರಡು ವರ್ಷ ನೌಕರಿ ಮಾಡಿ ಕಲಿತದ್ದೇನು, ಮಣ್ಣು!

ಇವತ್ತು ಬುಧವಾರ. ಸಂಜೆಗೆ ಮೂರು ದಿನ ಮುಗಿಯುತ್ತದೆ. ಊಟಕ್ಕೂ ನಿಲ್ಲದೆ ಬಸ್ಸು ಹಿಡಿದಳು. ಉಪಕೇಂದ್ರದ ಕಪಾಟಿನಲ್ಲಿದ್ದದ್ದು ಒಂದೇ ಗುಳಿಗೆ. ಸುಮ್ಮನೆ ಹೋದರೆ ಅನುಮಾನ ಬರುತ್ತದೆಂದು ರಕ್ತ ನೋಡುವ ಡಬ್ಬಿಯನ್ನೂ ಎತ್ತಿಕೊಂಡಳು.

ಸೀಮಾಳ ಮನೆಯ ಅಂಗಳದಲ್ಲಿ ಅವಳ ಅಪ್ಪ ಅಮೋಘಸಿದ್ದ ತೊಗರಿ ಕೊಯ್ಯಲು ಕುಡಗೋಲು ಮಸೆಯುತ್ತಿದ್ದ. ಬಸವೇಶ್ವರಿ ಡಬ್ಬಿಯನ್ನು ಎತ್ತಿ ತೋರಿಸಿದಳು.

"ಹುಡುಗ್ಯಾರ ರಕ್ತ ನೋಡಾಕತ್ತೀವಿ ಕಾಕಾ" ಎಂದು ಒಳಗೆ ಹೋದಳು. ಸೀಮಾಳ ಬೆರಳು ಚುಚ್ಚಿ, ಹೊರಗೆ ಕೇಳುವಂತೆ, "ರಕ್ತ ಭಾಳ ಕಡಿಮಿ ಅದ. ನನ್ನ ಮುಂದನ ಒಂದು ಗುಳಿಗಿ ನುಂಗು" ಎಂದಳು.

ಮಸೆಯುವ ಸದ್ದು ನಿಂತಿತು. "ಯಾವ ಗುಳಿಗಿರಿ?"

"ರಕ್ತದ್ದು, ಕಾಕಾ."

ಸೀಮಾ ಗುಳಿಗೆ ಬಾಯಿಗೆ ಹಾಕಿ ಗಟಗಟ ನೀರು ಕುಡಿದಳು. "ತಪ್ಪು ನಂದವ್ವ" ಎಂದು ಬಸವೇಶ್ವರಿ ಪಿಸುಗುಟ್ಟಿದಳು. "ಎರಡು ತಾಸು ವಾಂತಿ ಆಗಬಾರದು. ವಾಂತಿ ಆತಂದ್ರ ಇನ್ನೊಂದು ನುಂಗಬೇಕಾಗ್ತದ, ನನ್ನ ಹಂತ್ಯಾಕ ಇಲ್ಲ."

ಅಷ್ಟರಲ್ಲಿ ತಾಯಿ ಸಾಬಮ್ಮ ಒಲೆಯ ಮುಂದಿನಿಂದ ಕೂಗಿದಳು: "ಉಣ್ಣೋ ಹೊತ್ತಿಗಿ ಬಂದೀರಿ ಸಿಸ್ಟರ್, ಕೂಡ್ರಿ. ಸೀಮಾ, ನೀನೂ ಬಾ ಬೇ."

ಬಿಸಿ ರೊಟ್ಟಿ, ಪುಂಡಿಪಲ್ಯ. ಮೊದಲ ತುತ್ತಿಗೇ ಸೀಮಾ ಬಾಯಿಗೆ ಕೈ ಅಡ್ಡ ಹಿಡಿದಳು. ಸಾಬಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗಳನ್ನೇ ನೋಡಿದಳು. ಬಸವೇಶ್ವರಿ ಸೆರಗಿನ ಮರೆಯಲ್ಲಿ ಹುಡುಗಿಯ ಇನ್ನೊಂದು ಕೈ ಗಟ್ಟಿಯಾಗಿ ಹಿಡಿದಳು. ದೇವರೇ, ಇದೊಂದು ಗುಳಿಗೆ ಹೊಟ್ಟೆಯಲ್ಲಿ ನಿಲ್ಲಲಿ. ಸೀಮಾ ಕಣ್ಣು ಮುಚ್ಚಿ ತುತ್ತು ನುಂಗಿದಳು.

ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷವೂ ಕಳೆದಿರಲಿಲ್ಲ. ಹೊರಗೆ ಕುಡಗೋಲು ಮಸೆಯುವ ಸದ್ದು ಮತ್ತೆ ಶುರುವಾಯಿತು.

"ನನಗ ಇನ್ನೊಂದು ರೊಟ್ಟಿ ಬಡೀರಿ, ಸಾಬಮ್ಮ" ಎಂದಳು ಬಸವೇಶ್ವರಿ.