ಕರಿಹಲಗೆಯ ಮೇಲಿನ ಪಾಸ್‌ವರ್ಡ್

ಲೆಕ್ಕದ ಪುಸ್ತಕ ನೋಡುವುದಕ್ಕೂ ತಲೆಗಿಷ್ಟು ಬಾಡಿಗೆ ಎಂದು ಬರೆದ ಕಂಪನಿಯ ಪತ್ರವನ್ನು ಲೆಕ್ಕದಕ್ಕ ಎರಡು ಸಲ ಮನಸ್ಸಿನಲ್ಲಿ ಓದಿಕೊಂಡಳು. ಮೂರನೆಯ ಸಲ ಒಗೆಯುವ ಯಂತ್ರಗಳ ಸದ್ದನ್ನೂ ಮೀರಿ ಎಲ್ಲರಿಗೂ ಕೇಳುವಂತೆ ಓದಿದಳು. ಆಸ್ಪತ್ರೆಗಳ ಹಾಸು ಹೊದಿಕೆ ಒಗೆದು, ಇಸ್ತ್ರಿ ಮಾಡಿ ಕಳಿಸುವ ಆ ಲಾಂಡ್ರಿಯಲ್ಲಿ ಹದಿನೆಂಟು ಹೆಂಗಸರಿದ್ದರು. ಕೆಲಸದವರೂ ಅವರೇ, ಒಡತಿಯರೂ ಅವರೇ. ಮೂರು ವರ್ಷದಿಂದ ಅವರ ಪುಸ್ತಕ ಇಂಟರ್ನೆಟ್ಟಿನಲ್ಲಿ, ಯಾರದೋ ಕಂಪ್ಯೂಟರಿನಲ್ಲಿ ಬಾಡಿಗೆಗಿತ್ತು. ಬರುವ ಶನಿವಾರದಿಂದ ಇಬ್ಬರು ಮಾತ್ರ ಅದನ್ನು ತೆರೆಯಬಹುದು, ಮೂರನೆಯವರು ಇಣುಕಿದರೆ ದುಡ್ಡು ಎಂದಿತ್ತು ಪತ್ರ.

ಇದು ಸಂಘದಲ್ಲಿ ನಡೆಯುವ ಮಾತಲ್ಲ. ಹಿಂದಿನ ಮಾಲೀಕ ಪುಸ್ತಕವನ್ನು ಡ್ರಾಯರಿನಲ್ಲಿಟ್ಟು ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಯಾರು ಎಷ್ಟು ಹೊರೆ ಒಗೆದರು ಎನ್ನುವುದಕ್ಕೆ ಅವನು ಬರೆದದ್ದೇ ಸತ್ಯ. ಸೋಪಿನ ನೀರಿನಲ್ಲಿ ಚರ್ಮ ಸುಲಿದ ಕೈಗಳ ಮಾತು ಸುಳ್ಳು. ಅವನು ಬಿಟ್ಟುಹೋದ ಯಂತ್ರಗಳನ್ನು ವಶಕ್ಕೆ ತೆಗೆದುಕೊಂಡ ದಿನ ಇವರು ಮೊದಲು ಆ ಡ್ರಾಯರ್ ಒಡೆದರು. ಆಮೇಲೆ ನಿಯಮ ಬರೆದರು. ಪುಸ್ತಕ ಎಲ್ಲರಿಗೂ ತೆರೆದಿರಬೇಕು. ಶನಿವಾರ ನಾಲ್ಕು ಗಂಟೆಗೆ ಪ್ರತಿಯೊಬ್ಬಳೂ ಅದನ್ನು ಓದಿ, ನೋಡಿದ್ದಕ್ಕೆ ಗುರುತಾಗಿ ಗೀಟು ಹಾಕಬೇಕು. ಪುಸ್ತಕ ತೆರೆಯದ ಶನಿವಾರ ಲೆಕ್ಕ ಬರೆಯುವವಳು ಕುರ್ಚಿ ಬಿಡಬೇಕು. ಈ ಕೊನೆಯ ವಾಕ್ಯ ಸೇರಿಸಿದ್ದು ಲೆಕ್ಕದಕ್ಕನೇ. ಆಗ ಕುರ್ಚಿಯಲ್ಲಿ ಬೇರೆಯವಳಿದ್ದಳು.

ಬುಧವಾರ ಮಧ್ಯಾಹ್ನ ಲೆಕ್ಕದಕ್ಕನ ಭಾವ ಬಂದ. ಬಾಡಿಗೆ ಬಿಟ್ಟು ಪುಸ್ತಕವನ್ನು ತಮ್ಮಲ್ಲೇ ಇಟ್ಟುಕೊಳ್ಳಲು ಅವಳೇ ಅವನನ್ನು ಕರೆಸಿದ್ದಳು. ಶಾಲೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಶಾಲೆಯವರು ಬೇಡವೆಂದ ಹಳೆಯ ಕಂಪ್ಯೂಟರ್ ಡಬ್ಬವೊಂದು ಅವನ ಕಂಕುಳಲ್ಲಿತ್ತು.

"ಇದೇ ನಿಮ್ಮ ಸರ್ವರ್, ಪುಸ್ತಕ ಇನ್ಮೇಲೆ ಇದರೊಳಗೇ. ಮುಖ ನೋಡ್ಬೇಡ, ಕೆಲಸ ನೋಡು."

"ಮದುವೆಗೆ ಮುಂಚೆ ನಮ್ಮಕ್ಕನಿಗೂ ಇದೇ ಮಾತು ಹೇಳಿದ್ರಂತೆ, ಭಾವ."

ಅವನು ತಂದ ತಂತ್ರಾಂಶಕ್ಕೆ ಬಾಡಿಗೆ ಇರಲಿಲ್ಲ. ಅದನ್ನು ಕಟ್ಟಿದವರು ಒಳಗಿನ ಬರಹವನ್ನೆಲ್ಲ ಬಯಲಿಗಿಟ್ಟಿದ್ದರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಯಂತ್ರದಲ್ಲೇ ಇಟ್ಟುಕೊಳ್ಳಬಹುದು. ಹಾಗಾದರೆ ಅವರೂ ನಮ್ಮ ಹಾಗೆ ಡ್ರಾಯರ್ ಒಡೆದವರೇ ಎಂದು ಯಾರೋ ಅಂದರು. ಯಂತ್ರಗಳು ತಿರುಗಿದರೆ ಮೇಜು ನಡುಗುತ್ತದೆ, ಮೂಲೆಯವರೆಗೂ ಹಬೆ ಬರುತ್ತದೆ ಎಂದು ಡಬ್ಬವನ್ನು ಎತ್ತರದ ಕಪಾಟಿಗೆ ಏರಿಸಿದರು. ಹಳೆಯದನ್ನೆಲ್ಲ ಅಳಿಸಿ ಹೊಸ ವ್ಯವಸ್ಥೆ ಹಾಕಿದ್ದಾಯಿತು. ಲೆಕ್ಕದ ಸಾಲುಗಳು ಕೂರುವ ಡೇಟಾಬೇಸ್ ಹಾಕಿದ್ದಾಯಿತು. ತಂತ್ರಾಂಶ ಮಾತ್ರ ಡೇಟಾಬೇಸ್ ತನ್ನನ್ನು ಒಳಗೆ ಬಿಡುತ್ತಿಲ್ಲ ಎಂದು ಎರಡು ಸಲ ಮುಷ್ಕರ ಹೂಡಿತು. ಪಾಸ್‌ವರ್ಡ್ ಬರೆದಿಟ್ಟ ಕಡತದಲ್ಲಿ, ಕೊನೆಯ ಅಕ್ಷರದ ಬೆನ್ನಿಗೆ ಒಂದು ಖಾಲಿ ಜಾಗ ಅಂಟಿಕೊಂಡಿತ್ತು. ಅದನ್ನು ಹುಡುಕಲು ಭಾವನಿಗೆ ಎರಡು ಗಂಟೆ ಹಿಡಿಯಿತು.

ಕೊನೆಗೆ ಪರದೆ ಬೆಳಗಿ, ಆಡಳಿತಗಾರ ಯಾರು, ಅವರ ಪಾಸ್‌ವರ್ಡ್ ಏನು ಎಂದು ಕೇಳಿತು.

"ಇದು ನಿನ್ನ ಹತ್ರ ಮಾತ್ರ ಇರ್ಲಿ. ಯಾರಿಗೂ ಹೇಳ್ಬೇಡ" ಎಂದ ಭಾವ.

ಆ ಮಾತು ಅವಳಿಗೆ ಒಂದು ಕ್ಷಣ ಹಿತವೆನಿಸಿತು. ಹಿತವೆನಿಸಿದ್ದಕ್ಕೇ ಭಯವಾಯಿತು. ಎದ್ದು ಹೋಗಿ ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಕರೆದಳು. ಕೈ ಎತ್ತಿಸಿ ಮತ ಎಣಿಸಿದರು. ಪಾಳಿ ಬರೆಯುವ ಕರಿಹಲಗೆಯ ಮೇಲೆ ಪಾಸ್‌ವರ್ಡನ್ನು ಸೀಮೆಸುಣ್ಣದಲ್ಲಿ ದಪ್ಪಗೆ ಬರೆದರು. ಭಾವ ಹಣೆ ಚಚ್ಚಿಕೊಂಡು ಮನೆಗೆ ಹೋದ.

ಗುರುವಾರ ಅವಳು ಹಳೆಯ ಲೆಕ್ಕವನ್ನೆಲ್ಲ ಹೊಸ ಪುಸ್ತಕಕ್ಕೆ ತಂದಳು, ಈ ವಾರದ್ದನ್ನು ನೇರವಾಗಿ ಅದರಲ್ಲೇ ಬರೆದಳು. ಸಂಜೆಯವರೆಗೆ ಒಬ್ಬೊಬ್ಬರೇ ಬಂದು, ಕೈ ಒರೆಸಿಕೊಂಡು, ಪರದೆ ಮುಟ್ಟಿ ನೋಡಿ ಹೋದರು.

ಶುಕ್ರವಾರ ಬೆಳಿಗ್ಗೆ ತೆರೆದರೆ ಈ ವಾರದ ಒಂದು ಸಾಲೂ ಇರಲಿಲ್ಲ. ಯಾರು ಎಷ್ಟು ಹೊರೆ ಒಗೆದರೆಂಬ ನಲವತ್ತೊಂದು ಸಾಲುಗಳು, ಹಿಂದಿನ ಸಂಜೆ ಐದೂ ನಲವತ್ತಕ್ಕೆ ಅಳಿಸಿಹೋಗಿದ್ದವು. ಅಳಿಸಿದವರು: ಆಡಳಿತಗಾರ. ಹದಿನೆಂಟು ಜನರೂ ಅದೇ ಹೆಸರಿನಲ್ಲಿ ಒಳಹೋಗಿದ್ದರು.

ಕಣ್ಣುಗಳು ಒಂದೊಂದಾಗಿ ಮೆಣಸಿನಕಾಯಿಯ ಕಡೆ ತಿರುಗಿದವು. ನಾಲಿಗೆಯ ಖಾರಕ್ಕೆ ಆ ಹೆಸರು ಬಂದಿತ್ತು ಅವಳಿಗೆ. ತನ್ನ ಹೊರೆಗಳನ್ನು ಕಡಿಮೆ ಬರೆದಿದ್ದಾರೆ ಎಂದು ಹಿಂದಿನ ವಾರವಷ್ಟೇ ಜಗಳ ತೆಗೆದಿದ್ದಳು. ಮಾಲೀಕ ಹೋಗಿ ಮೂರು ವರ್ಷವಾದರೂ, ಒಬ್ಬರ ಕೈಯನ್ನೊಬ್ಬರು ಅನುಮಾನದಿಂದ ನೋಡುವ ಅವನ ಪಾಠ ಯಾರಿಗೂ ಮರೆತುಹೋಗಿರಲಿಲ್ಲ.

ಇಬ್ಬರು ಲೆಕ್ಕದಕ್ಕನ ಬಳಿ ಬಂದು, ಪಾಸ್‌ವರ್ಡ್ ಬದಲಿಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಎಂದು ಮೆಲ್ಲಗೆ ಹೇಳಿದರು. ನಾಳೆ ನಾಲ್ಕಕ್ಕೆ ಪುಸ್ತಕ ತೆರೆಯದಿದ್ದರೆ ಕುರ್ಚಿ ಹೋಗುತ್ತದೆ. ಈಗ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಬೇಡ ಎನ್ನುವವರು ಯಾರೂ ಇಲ್ಲ. ಡ್ರಾಯರುಗಳು ಹುಟ್ಟುವುದೇ ಹೀಗೆ, ಹೆದರಿದವರು ಕೈಯಾರೆ ಕೊಡುವ ಬೀಗದಿಂದ. ಅವಳು ಕೀಲಿಮಣೆಯ ಮೇಲಿಟ್ಟಿದ್ದ ಕೈ ತೆಗೆದಳು. ಆಮೇಲೆ ಎಲ್ಲರನ್ನೂ ಕರೆದಳು.

"ಯಾರು ಅಳಿಸಿದ್ದು ಅಂತ ಕೇಳಲ್ಲ. ನಿನ್ನೆ ಇದರ ಮುಂದೆ ಏನೇನು ಮಾಡಿದ್ರೋ, ಒಬ್ಬೊಬ್ರೇ ಬಂದು ಹಾಗೇ ಮಾಡಿ ತೋರಿಸಿ."

ಅದಕ್ಕೆಂದೇ ಅವಳು ನಾಲ್ಕು ಸುಳ್ಳು ಸಾಲು ಬರೆದಿಟ್ಟಳು. ಏಳನೆಯವರಾಗಿ ಇಸ್ತ್ರಿ ದೊಡ್ಡಮ್ಮ ಬಂದರು. ಕನ್ನಡಕ ಏರಿಸಿ, ಪಟ್ಟಿಯ ತುದಿಯಲ್ಲಿದ್ದ ಚೌಕದಲ್ಲಿ ಗೀಟು ಹಾಕಿದರು. ಕೆಳಗಿನ ಎಲ್ಲ ಸಾಲಿಗೂ ಗೀಟು ಬಿತ್ತು. ಪಕ್ಕದಲ್ಲಿದ್ದ ಬುಟ್ಟಿಯ ಚಿತ್ರ ಒತ್ತಿದರು. ಸಾಲುಗಳು ಮಾಯವಾದವು.

"ನೋಡಿದ್ದಕ್ಕೆ ಗೀಟು ಹಾಕ್ದೆ" ಎಂದರು. "ಎಲ್ಲಾದಕ್ಕೂ ಒಟ್ಟಿಗೇ ಬಿತ್ತು, ಪರವಾಗಿಲ್ಲವೇ ಅಂದ್ಕೊಂಡೆ. ಮುಗಿದಿದ್ದನ್ನ ಬುಟ್ಟಿಗೆ ಹಾಕ್ದೆ. ಮೂವತ್ತು ವರ್ಷದಿಂದ ಅದನ್ನೇ ತಾನೇ ಮಾಡ್ತಿರೋದು?"

"ಖಚಿತವೇ ಅಂತ ಪರದೆ ಕೇಳಿರ್ಬೇಕಲ್ಲ, ದೊಡ್ಡಮ್ಮ?"

"ಕೇಳ್ತು. ಕಣ್ಣಾರೆ ನೋಡಿದೀನಿ, ಖಚಿತಾನೇ ಅಂತ ಒತ್ತಿದೆ."

ನಗು ಕಪಾಟಿನ ತನಕ ಹೋಯಿತು. ಮೆಣಸಿನಕಾಯಿ ನಗಲಿಲ್ಲ.

ಇಸ್ತ್ರಿ ಮೇಜಿನ ಮೇಲಿನ ಮೊಳೆಗೆ ಪ್ರತಿ ಹೊರೆಯ ಚೀಟಿ ಸಿಕ್ಕಿಸಿದ್ದರು. ಒಗೆದವರ ಗುರುತು ಅದರಲ್ಲಿರುತ್ತದೆ. ಒಬ್ಬಳು ಚೀಟಿ ಓದಿದಳು, ಇನ್ನೊಬ್ಬಳು ಹೌದೆಂದಳು, ಲೆಕ್ಕದಕ್ಕ ಮತ್ತು ಅವಳ ಪಕ್ಕದಲ್ಲಿ ಮೆಣಸಿನಕಾಯಿ ಸರದಿಯಲ್ಲಿ ಅಳಿದ ಸಾಲುಗಳನ್ನು ಮತ್ತೆ ಬರೆದರು. ಮೂರು ಚೀಟಿಗಳ ಶಾಯಿ ನೀರಿಗೆ ಹರಡಿ ಗುರುತು ಓದಲಾಗುತ್ತಿರಲಿಲ್ಲ. ಅವು ತನ್ನವು ಎಂದಳು ಮೆಣಸಿನಕಾಯಿ. ಬೆಳಿಗ್ಗೆ ಅವಳನ್ನು ನೋಡಿದ್ದ ಕಣ್ಣುಗಳು ಈಗ ನೆಲ ನೋಡಿದವು; ಲೆಕ್ಕದಕ್ಕ ಮೂರನ್ನೂ ಅವಳ ಹೆಸರಿಗೆ ಬರೆದಳು.

ಕತ್ತಲಾಗುವ ಮುಂಚೆ ಹೊಸ ನಿಯಮದ ಚರ್ಚೆಯಾಯಿತು. ಲೆಕ್ಕದಕ್ಕ ಮುಂದಿಟ್ಟದ್ದು ಇಷ್ಟು: ಪ್ರತಿಯೊಬ್ಬಳಿಗೂ ತನ್ನದೇ ಹೆಸರು, ತನ್ನದೇ ಪಾಸ್‌ವರ್ಡ್. ಎಲ್ಲರೂ ಎಲ್ಲವನ್ನೂ ನೋಡಬಹುದು. ಬರೆಯುವವರು ಇಬ್ಬರೇ, ಲೆಕ್ಕದಕ್ಕ ಮತ್ತು ಮೆಣಸಿನಕಾಯಿ; ಅವರೂ ತಂತಮ್ಮ ಸಾಲನ್ನು ತಾವೇ ಬರೆದುಕೊಳ್ಳುವಂತಿಲ್ಲ.

"ಮತ್ತೆ ಬೀಗಾನೇ ಅಲ್ವಾ ಇದು?" ಎಂದರು ದೊಡ್ಡಮ್ಮ.

ಉತ್ತರ ಕೊಟ್ಟದ್ದು ಮೆಣಸಿನಕಾಯಿ. "ಬೀಗ ಅಲ್ಲ ದೊಡ್ಡಮ್ಮ, ಸಹಿ. ನಿನ್ನೆ ನಿಮ್ಮ ಸಹಿ ಇದ್ದಿದ್ರೆ, ಇವತ್ತು ಬೆಳಿಗ್ಗೆ ಯಾರೂ ನನ್ನ ಮುಖ ನೋಡ್ತಿರ್ಲಿಲ್ಲ."

ಹದಿನೇಳು ಕೈಗಳು ಎದ್ದವು. ದೊಡ್ಡಮ್ಮ ಎತ್ತಲಿಲ್ಲ, ಅದು ಅವರ ಹಕ್ಕು. ಆಡಳಿತಗಾರರ ಹೊಸ ಪಾಸ್‌ವರ್ಡಿನ ಅರ್ಧವನ್ನು ಅವರಿಗೇ ಕೊಟ್ಟರು, ಉಳಿದರ್ಧವನ್ನು ಮೆಣಸಿನಕಾಯಿಗೆ. ಇಬ್ಬರೂ ಒಟ್ಟಿಗೆ ಕೂರದೆ ಆ ಬಾಗಿಲು ತೆರೆಯದು. ಲೆಕ್ಕದಕ್ಕನ ಪಾಲಿಗೆ ಅದರಲ್ಲಿ ಒಂದಕ್ಷರವೂ ಬರಲಿಲ್ಲ. ತಾನೇ ಸೂಚಿಸಿದ್ದಾದರೂ ಒಳಗೆಲ್ಲೋ ಚುರುಕ್ಕೆಂದಿತು.

ಶನಿವಾರ ನಾಲ್ಕಕ್ಕೆ ಪುಸ್ತಕ ತೆರೆಯಿತು. ಕುರ್ಚಿ ಉಳಿಯಿತು. ತನ್ನ ಸಾಲು ಓದಿದ ಲೆಕ್ಕದಕ್ಕ, ಪಕ್ಕದ ಕುರ್ಚಿಯಲ್ಲಿದ್ದ ಮೆಣಸಿನಕಾಯಿಯ ಕಡೆ ಬಾಗಿದಳು.

"ನಂದು ನಾಲ್ಕೇ ಹೊರೆ ಕಣೆ. ಐದು ಅಂತ ಬರೆದಿದೀಯ."

ಮೆಣಸಿನಕಾಯಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ತಿದ್ದಿಸೋರು ಆಗ್ಲೇ ಆರು ಜನ ಇದಾರೆ ಅಕ್ಕ. ಅವ್ರ ಹಿಂದೆ ನಿಂತ್ಕೊಳ್ಳಿ."

ಲೆಕ್ಕದಕ್ಕ ಎದ್ದು ಹೋಗಿ ಏಳನೆಯವಳಾಗಿ ನಿಂತಳು.