ಅನಸವ್ವನ ಹೆಸರಿನ ಸೀರೆ

ಅನಸವ್ವ ಮದುವೆಯಾಗಿ ಬಂದಾಗಿನಿಂದ ಸೀರೆ ನೇಯುತ್ತಿದ್ದಳು. ಒಂದರ ಮೇಲೂ ಅವಳ ಹೆಸರು ಇರಲಿಲ್ಲ.

ಇರಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಬನಹಟ್ಟಿಯ ಆ ಓಣಿಯಲ್ಲಿ ಮಗ್ಗದಿಂದ ಇಳಿದ ಸೀರೆ ರಬಕವಿಯ ವ್ಯಾಪಾರಿಯ ಗಂಟಿಗೆ ಹೋಗುತ್ತಿತ್ತು, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಯಾರದೋ ಮೈಮೇಲೆ. ಒಮ್ಮೆ ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಉಟ್ಟಿದ್ದ ದಾಳಿಂಬೆ ಬಣ್ಣದ ಸೀರೆಯ ದಡಿ ಕಂಡು, ಇದು ನನ್ನ ಕೈಯದೇ ಅನ್ನಿಸಿ, ಅನಸವ್ವ ಆಕೆಯ ಹಿಂದೆ ಬೀಳಗಿ ಬಸ್ಸಿನ ಬಾಗಿಲವರೆಗೂ ಹೋಗಿದ್ದಳು. ಹೋಗಿ ಹೇಳುವುದೇನು? ಬಸ್ಸು ಹೊರಟುಹೋಯಿತು.

ಅಂಥವಳ ಮನೆಗೆ ಯುಗಾದಿ ಮುಗಿದ ಮೇಲೆ ಪರಮೇಶ ಬಂದ. ಜಮಖಂಡಿಯ ಹುಡುಗ. ಬೆಂಗಳೂರಿನ ಬಟ್ಟೆ ಕಂಪನಿಯೊಂದರ ಪರವಾಗಿ ಮಗ್ಗದ ಊರುಗಳನ್ನು ತಿರುಗುವುದು ಅವನ ನೌಕರಿ. ಅವನು ಒಂದು ದಪ್ಪ ಕಾಗದದ ಚೀಟಿಯನ್ನು ದಾರದಿಂದ ತೂಗಾಡಿಸುತ್ತಾ ತೋರಿಸಿದ.

"ನೋಡ್ರಿ ಅಕ್ಕಾರ, ಇಲ್ಲಿ ನಿಮ್ಮ ಫೋಟೋ. ಇಲ್ಲಿ, ನೇಯ್ದವರು ಅಂತ ಬರದು ನಿಮ್ಮ ಹೆಸರು. ನೀವು ನೇದ ಪ್ರತಿ ಸೀರಿಗೂ ಕಟ್ಟತೇವಿ."

"ಸೀರಿಗೆ ನನ್ನ ಹೆಸರಾ?"

"ಖರೇನರಿ. ಈಗಿನ ಮಂದಿ ಬರೇ ಸೀರಿ ತಗೊಳ್ಳಂಗಿಲ್ಲ. ನೇದವರ ಕಥಿನೂ ಬೇಕು ಅಂತಾರ."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ರೇಷ್ಮಾ ಕಿಸಕ್ಕನೆ ನಕ್ಕಳು. ಅವಳದೂ ಕೈಮಗ್ಗವೇ. "ಇಕಿ ಕಥಿ ಕೇಳಿದ್ರ ಸೀರಿ ಅಲ್ಲೇ ಬಿಟ್ಟು ಓಡ್ತಾರ ತಗೋ."

"ನಿನ್ನ ಫೋಟೋ ಕಟ್ಟಿದ್ರ ಸೀರಿನ ಎದ್ದು ಓಡ್ತಾವು. ಸುಮ್ನ ನಿಂದ್ರ ಬೇ."

ಪರಮೇಶ ಮುಂದೆ ಹಿಡಿದ, ದೊಡ್ಡ ಮೊಬೈಲಿನಂಥ ಗಾಜಿನ ಹಲಗೆಯ ಮೇಲೆ ಅನಸವ್ವ ಬೆರಳಿನಿಂದಲೇ ಸಹಿ ಎಳೆದಳು. ಫೋಟೋ ಮತ್ತು ಹೆಸರು ಬಳಸಿಕೊಳ್ಳಲು ಒಪ್ಪಿಗೆ, ಅಷ್ಟೇ ಅಂದ. ಅಂದು ಸಂಜೆ ಓಣಿಯ ಆರೂ ಕೈಮಗ್ಗದ ಮನೆಗಳಿಗೆ ಸುದ್ದಿ ಮುಟ್ಟಿತು: ದಸರೆಗೆ ಮುಂಚೆ ತೊಂಬತ್ತಾರು ಸೀರೆ, ಎಲ್ಲ ಕೆನೆ ಬಣ್ಣದವು. ಸುತ್ತಲಿನ ಪವರ್‌ಲೂಮುಗಳ ಸದ್ದಿನಲ್ಲಿ ಇಷ್ಟು ವರ್ಷ ಯಾರ ಕಿವಿಗೂ ಬೀಳದೆ ನಡೆದಿದ್ದ ಆರು ಮಗ್ಗಗಳಿಗೆ ಇದ್ದಕ್ಕಿದ್ದಂತೆ ಜೀವ ಬಂತು.

ನೂಲು ಬರುವ ಮೊದಲೇ ಬೆಂಗಳೂರಿನಿಂದ ವೈಶಾಲಿ ಎಂಬ ಹುಡುಗಿ ಕ್ಯಾಮೆರಾ ಹೊತ್ತು ಬಂದಳು. ಅನಸವ್ವನ ಮಗ್ಗದಲ್ಲಿ ಆಗ ಹಳೆಯ ರೂಢಿಯ ದಾಳಿಂಬೆ ಸೀರೆಯಿತ್ತು. ಮಗ್ಗಕ್ಕೆ ಹೊಸ ಹಾಸು, ಅಂದರೆ ಹಲವು ಸೀರೆಗಾಗುವಷ್ಟು ಉದ್ದೆಳೆ, ಹೂಡಿದಾಗ ಇಳಿಯುವ ಮೊದಲ ಸೀರೆಗೆ ಮನೆಯ ಹಿರಿಯಳು ಸೆರಗಿನ ಮೂಲೆಯಲ್ಲಿ ಅರಿಶಿಣದ ಹೆಬ್ಬೆರಳು ಒತ್ತುವುದು ಈ ಮನೆಗಳ ಪದ್ಧತಿ. ಅತ್ತೆ ಲಕ್ಷ್ಮವ್ವ ಬಟ್ಟಲಲ್ಲಿ ಅರಿಶಿಣ ಕಲಸಿ, ಹೆಬ್ಬೆರಳು ಅದ್ದಿ, ಒತ್ತಿದಳು. ವೈಶಾಲಿ ಕುಣಿದೇಬಿಟ್ಟಳು.

"ಅಜ್ಜಿ, ಸೂಪರ್! ಇನ್ನೊಂದ್ಸಲ ಒತ್ತಿ, ಪ್ಲೀಸ್. ಸ್ವಲ್ಪ ನಿಧಾನ."

ಮತ್ತೆ ಒತ್ತಿದಳು. ಇನ್ನೊಮ್ಮೆ, ಕಿಟಕಿಯ ಬೆಳಕಿನಲ್ಲಿ. ಮತ್ತೊಮ್ಮೆ, ಬಳೆ ಕಾಣುವಂತೆ. ಸೆರಗಿನ ಮೂಲೆ ಒದ್ದೆಯಾಯಿತು. ಕೆಂಪು ಬಣ್ಣ ಅಷ್ಟೂ ಅರಿಶಿಣವನ್ನು ನುಂಗಿಕೊಂಡು ಏನೂ ಆಗದಂತೆ ಉಳಿಯಿತು.

"ಕಂಪನಿಗೆ ಇದ ಭಾಳ ಬೇಕಾಗೇತಿ ನೋಡ್ರಿ ಅತ್ತೀ," ಅಂದಳು ಅನಸವ್ವ, ಹುಡುಗಿ ಹೋದ ಮೇಲೆ.

ಆಮೇಲಿನ ತಿಂಗಳುಗಳು ಹಬ್ಬದಂತೆ ಕಳೆದವು. ಅನಸವ್ವ ಬೆಳಗಿನ ಚಹಾ ಕುಡಿಯುವ ಮೊದಲೇ ಮಗ್ಗದ ತೆಗ್ಗಿನಲ್ಲಿ ಕಾಲಿಳಿಸಿ ಕೂರುತ್ತಿದ್ದಳು. ಲಾಳಿ ಅತ್ತಿಂದಿತ್ತ ಹಾರುವಾಗ ಬಾಯಲ್ಲೇ ತನ್ನ ಹೆಸರು ಹೇಳಿಕೊಳ್ಳುತ್ತಿದ್ದಳು. ಎಳೆ ಹರಿದರೆ ಬೈಯುತ್ತಿರಲಿಲ್ಲ, ನಕ್ಕು ಗಂಟು ಹಾಕುತ್ತಿದ್ದಳು. ಗೋಡೆಯಾಚೆಯಿಂದ ರೇಷ್ಮಾ ಕೂಗುತ್ತಿದ್ದಳು: "ಎಷ್ಟನೇದು ಲೇ?" ಇವಳು ಒಂದು ಹೆಚ್ಚು ಸೇರಿಸಿ ಹೇಳುತ್ತಿದ್ದಳು. ಅವಳೂ ಅಷ್ಟೇ.

ಮೊದಲ ಕೆನೆ ಬಣ್ಣದ ಸೀರೆ ಇಳಿದ ದಿನ ಲಕ್ಷ್ಮವ್ವ ಅರಿಶಿಣ ಒತ್ತಿದಳು. ಎರಡನೆಯದನ್ನೂ ಅನಸವ್ವ ಅವಳ ಮುಂದೆ ಹಾಸಿದಳು.

"ಹಾಸಿಗೊಂದು ಸಾಕ ಬೇ. ಎಲ್ಲಾಕೂ ಯಾರ ಹಚ್ಚತಾರ?"

"ಹಾಸಿಗೊಂದಕ್ಕ ಹೆಸರ ಇದ್ದಿದ್ರ ಒಂದಕ್ಕ ಸಾಕಿತ್ತು. ಎಲ್ಲಾಕೂ ನನ್ನ ಹೆಸರೈತಿ. ಹಚ್ಚರಿ ಅತ್ತೀ. ಕೆಂಪಿನ ಮ್ಯಾಲ ಕಾಣತಿದ್ದಿಲ್ಲ, ಇದರ ಮ್ಯಾಲ ಹೆಂಗ ಎದ್ದ ಕಾಣತೈತಿ ನೋಡ್ರಿ!"

ನಿಜಕ್ಕೂ ಎದ್ದು ಕಾಣುತ್ತಿತ್ತು. ಕೆನೆಯ ಮೇಲೆ ಅಚ್ಚ ಹಳದಿ ಹೆಬ್ಬೆರಳು, ಗೆರೆ ಗೆರೆಯೂ, ಹಳೆಯ ಗಾಯದ ಗುರುತೂ ಸ್ಪಷ್ಟ. ಉಳಿದ ಐದು ಮನೆಯವರು ನೋಡಿ ತಮಗೂ ಬೇಕೆಂದರು. ಮುದುಕಿ ಬಟ್ಟಲು ಹಿಡಿದು ಮನೆಮನೆಗೆ ಹೋದಳು. ತೊಂಬತ್ತಾರಕ್ಕೂ ಒತ್ತಿದಳು.

ಪರಮೇಶ ಊರಿಗೆ ಬಂದು ಮಡಿಸಿಟ್ಟ ಸೀರೆಗಳಿಗೆ ನೇಯ್ದವರ ಹೆಸರಿನ ಚೀಟಿ ಕಟ್ಟಿ, ಗಂಟು ಮಾಡಿ ಟೆಂಪೊದಲ್ಲಿ ಹೇರಿಸಿದ. ರೇಷ್ಮಾ ಟೆಂಪೊದ ಮುಂದೆ ಕಾಯಿ ಒಡೆದಳು. ಓಣಿಯ ಕೊನೆಯವರೆಗೂ ಹೆಂಗಸರು ಅದರ ಹಿಂದೆ ನಡೆದರು.

ಅದೇ ಟೆಂಪೊ ದಸರೆಗೆ ಮುಂಚೆ ಬರುವ ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ ತಿರುಗಿ ಬಂತು. ಹೊಸ ನೂಲು ಬಂತೆಂದು ಅನಸವ್ವ ಓಡಿಹೋದಳು. ಗಂಟು ಬಿಚ್ಚಿದರೆ ಅವಳದೇ ಸೀರೆ. ಚೀಟಿ ಕತ್ತರಿಸಿ ಹೋಗಿತ್ತು, ದಾರದ ತುಂಡು ಮಾತ್ರ ನೇತಾಡುತ್ತಿತ್ತು.

ಪರಮೇಶ ಮುಖ ನೋಡದೆ ಹೇಳಿದ: "ಕಲಿ ಐತಿ ಅಂದಾರ್ರಿ. ಎಲ್ಲಾವೂ ವಾಪಸ್. ಕೂಲಿ ಕೊಡಂಗಿಲ್ಲಂತ."

"ಕಲಿ ಅಲ್ಲೋ ತಮ್ಮಾ, ಅರಿಶಿಣ."

"ನನಗ ಗೊತ್ತಿಲ್ಲೇನ್ರಿ? ನಮ್ಮವ್ವನೂ ಹೊಸಾ ಅರಬಿಗೆ ಹಚ್ಚತಾಳ. ಗಂಟು ಕಟ್ಟುವಾಗ ನಾನರೆ ಬಿಚ್ಚಿ ನೋಡಬೇಕಿತ್ತು. ಅಲ್ಲಿ ತಪಾಸಣಿ ಮಾಡವರು ಕಲಿ ಕಂಡ್ರ ತಗದ ಒಗೀತಾರ್ರಿ. ಯಾತರ ಕಲಿ ಅಂತ ಕೇಳಂಗಿಲ್ಲ."

"ಆ ಹುಡಿಗಿನ ಒತ್ತರಿ ಒತ್ತರಿ ಅಂದಳಲ್ಲೋ!"

"ಅಕಿ ವಿಡಿಯೋದಕಿ ರೀ. ಇವರು ಬ್ಯಾರೆ."

ಬಾವಿಕಟ್ಟೆಯಲ್ಲಿ ಸೋಪು, ಲಿಂಬೆಹಣ್ಣು, ಸುಣ್ಣದ ತಿಳಿ, ಎಲ್ಲ ಹಾಕಿ ತಿಕ್ಕಿದರು. ಅರಿಶಿಣ ಸುಣ್ಣ ಕಂಡು ಕೆಂಪಾಯಿತು, ಹೋಗಲಿಲ್ಲ. ರಬಕವಿಯ ವ್ಯಾಪಾರಿ ಕೆನೆ ಬಣ್ಣ ಇಲ್ಲಿ ಯಾರು ಉಡುತ್ತಾರೆ ಎಂದು ಕೈಚೆಲ್ಲಿದ. ಲಕ್ಷ್ಮವ್ವ ಅರಿಶಿಣದ ಬಟ್ಟಲನ್ನು ತೊಳೆದು ಬೋರಲು ಹಾಕಿದಳು. ಸೊಸೆಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೀಪಾವಳಿ ಹತ್ತಿರವಾದಾಗ ರೇಷ್ಮಾ ಮೊಬೈಲ್ ಹಿಡಿದು ಏದುಸಿರು ಬಿಡುತ್ತಾ ಓಡಿಬಂದಳು. "ಅನಸಿ, ನಿಮ್ಮತ್ತಿ ಬಂದಾಳ ಲೇ! ಜಾಹೀರಾತದಾಗ!"

ಕಿಟಕಿಯ ಬೆಳಕು, ಬಳೆ, ಹಳದಿ ಹೆಬ್ಬೆರಳು. ಕೆಳಗೆ ಅನಸವ್ವನ ನಗುಮುಖ. ಜಮಖಂಡಿಯ ದೊಡ್ಡ ಅಂಗಡಿಯಲ್ಲೂ ಸೀರೆ ಸಿಗುತ್ತದೆಂದು ಬರೆದಿತ್ತು. ಇಬ್ಬರೂ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದರು.

ಅಂಗಡಿ ಕಿಕ್ಕಿರಿದಿತ್ತು. ಗಾಜಿನ ಮೇಜಿನ ಮೇಲೆ ಕೆನೆ ಬಣ್ಣದ ಸೀರೆಗಳ ರಾಶಿ. ಒಂದೊಂದಕ್ಕೂ ಚೀಟಿ: ನೇಯ್ದವರು, ಅನಸವ್ವ, ಬನಹಟ್ಟಿ. ಅನಸವ್ವ ಹೆಸರಿನ ಮೇಲೆ ಬೆರಳಾಡಿಸಿ ಜೋರಾಗಿ ನಕ್ಕುಬಿಟ್ಟಳು. ಆಮೇಲೆ ಸೆರಗು ಬಿಚ್ಚಿದಳು. ಮೂಲೆಯಲ್ಲಿ ಹಳದಿ ಹೆಬ್ಬೆರಳು. ಇನ್ನೊಂದು ಬಿಚ್ಚಿದಳು. ಅದೇ ಜಾಗ, ಅದೇ ಓರೆ, ಅತ್ತೆಯ ಬೆರಳಿನ ಹಳೆಯ ಗಾಯದ ಗೆರೆಯೂ ಅದೇ. ಕಂಪನಿಯವರು ಅದನ್ನೇ ಅಚ್ಚು ಹಾಕಿಸಿದ್ದರು. ಬಟ್ಟೆ ಎಲ್ಲಿಯದೋ ಪವರ್‌ಲೂಮಿನದು.

ಅಂಗಡಿಯ ಹುಡುಗಿ ಶೇವಂತಿ ಬಂದಳು. "ಛಲೋ ಸೀರಿ ರೀ ಅಕ್ಕಾರ. ಈ ಹಳದಿ ಗುರುತು ಇದ್ರನ ಅಸಲಿ."

"ಲೇ ತಂಗಿ, ಫೋಟೋದಾಗಿನಕಿ ಇಕಿನ!" ರೇಷ್ಮಾ ಅನಸವ್ವನ ಗದ್ದ ಹಿಡಿದು ತಿರುಗಿಸಿದಳು.

ಶೇವಂತಿ ಚೀಟಿ ನೋಡಿದಳು, ಮುಖ ನೋಡಿದಳು, ಕಿರುಚಿದಳು. ಕ್ಷಣದಲ್ಲಿ ಮಂದಿ ಸುತ್ತುಗಟ್ಟಿದರು. ಸೆಲ್ಫಿಗಳಾದವು. ಮಾಲೀಕ ಕುರ್ಚಿ ಹಾಕಿಸಿ ಚಹಾ ತರಿಸಿದ. ಅನಸವ್ವನ ಕೆನ್ನೆ ಕಾದಿತ್ತು. ಇಷ್ಟು ಜನ ಅವಳ ಹೆಸರನ್ನು ಕೂಗಿದ್ದು ಇದೇ ಮೊದಲು. ಬೆಲೆ ಕೇಳುತ್ತಿದ್ದ ಹೆಂಗಸೊಬ್ಬಳು ಸೀರೆಯನ್ನು ಅವಳ ಮಡಿಲಿಗಿಟ್ಟಳು.

"ಇದನ್ನ ನೀವ ನೇದಿದ್ರಿ?"

ಹೌದು ಎಂಬುದು ನಾಲಿಗೆಯ ತುದಿಯಲ್ಲಿತ್ತು. ರೇಷ್ಮಾ ಮೊಣಕೈಯಿಂದ ತಿವಿದಳು, ಹೇಳೆಂದೋ ಬೇಡವೆಂದೋ ತಿಳಿಯಲಿಲ್ಲ. ಅನಸವ್ವ ಸೀರೆಯನ್ನು ತಿರುಗಿಸಿ ಒಳಮೈ ನೋಡಿದಳು.

"ಇಲ್ಲರಿ," ಅಂದಳು. "ನಾ ನೇದದ್ದಲ್ಲ. ಇವು ಯಾವೂ ನಾ ನೇದದ್ದಲ್ಲ."

ಹೆಂಗಸು ಚೀಟಿ ತಿರುವಿ ನೋಡಿದಳು.

"ಫೋಟೋ ನಿಮ್ಮದ ಐತಲ್ಲರಿ," ಅಂದಳು. ಎರಡು ಸೀರೆ ಕಟ್ಟಿಸಿಕೊಂಡು ಹೋದಳು.

ಪರಮೇಶನಿಗೆ ಫೋನು ಹಚ್ಚಿದರೆ, ನೀವೇ ಸಹಿ ಮಾಡೀರಲ್ಲರಿ ಅಂದ. ಕಂಪನಿಯವರು ಅವನಿಗೆ ಈಗ ಬೇರೆ ಊರು ಕೊಟ್ಟಿದ್ದರು.

ಆ ಚಳಿಗಾಲದಲ್ಲಿ ರೇಷ್ಮಾ ಸೇರಿ ನಾಲ್ವರು ಮಗ್ಗ ಕಿತ್ತು, ಕಟ್ಟಿಗೆ ಒಲೆಗೆ ಹಾಕಿ, ಪವರ್‌ಲೂಮಿನ ಕೆಲಸಕ್ಕೆ ಹೋದರು.

ತಿರುಗಿ ಬಂದ ಸೀರೆ ತೊಂಬತ್ತಾರು. ಹೋದ ಮಗ್ಗ ನಾಲ್ಕು. ಮಾರಾಟವಾದ ಹೆಸರು ಒಂದು.